ಕರುಣೆಯಿಂದಲೋ, ಬಾಯಿ ಮುಚ್ಚಿಸಲೋ

ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಹಡಗಿನವನೇ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೆ? ಎಂಜಿನ್ ಕೋಣೆಯ ಧಗೆಯಿಂದ ಬಂದು ಹಾಗೇ ತಣ್ಣನೆಯ ಗಾಳಿಗೆ ಮೈಯೊಡ್ಡಿ ನಿಲ್ಲಬೇಡ ಎಂದು ಹೋಗುವಾಗಲೇ ಹೇಳಿದ್ದೆ, ನೀನು ನಿಂತೇ ನಿಂತಿರುತ್ತೀಯ. ನಾನು ಕೊಟ್ಟ ಬೆಲ್ಟು ಸೊಂಟದ ಮೇಲಿದೆಯೋ, ಪೆಟ್ಟಿಗೆಯ ತಳದಲ್ಲಿ ಹಾಯಾಗಿ ಮಲಗಿದೆಯೋ, ನಿಜ ಬರೆ. ಇಲ್ಲಿ ಅತ್ತೆಯ ಮಂಡಿ ಎಷ್ಟೋ ವಾಸಿ. ಕೋಲಿಲ್ಲದೆ ಮೆಟ್ಟಿಲಿಳಿಯುತ್ತಾರೆ, ಇಳಿದಾದ ಮೇಲೆ ಕೋಲು ಮೇಲೆಯೇ ಉಳಿಯಿತು ಎಂದು ನನ್ನನ್ನು ಓಡಿಸುತ್ತಾರೆ. ಅಡುಗೆಮನೆಯ ನಲ್ಲಿಯನ್ನು ನೀನು ರಿಪೇರಿ ಮಾಡಿ ಹೋದೆಯಲ್ಲ, ಅದು ಮೊದಲಿಗಿಂತ ಜೋರಾಗಿ ತೊಟ್ಟಿಕ್ಕುತ್ತಿದೆ. ಅಷ್ಟು ದೊಡ್ಡ ಹಡಗಿನ ಎಂಜಿನ್ ನೋಡಿಕೊಳ್ಳುವವನ ಕೈಗೆ ಒಂದು ನಲ್ಲಿ ಬಗ್ಗುವುದಿಲ್ಲ ಎಂದರೆ ನೆರೆಮನೆಯವರು ನಂಬುತ್ತಿಲ್ಲ. ನನ್ನ ಆರೋಗ್ಯ ಮಾತ್ರ ಕೇಳಬೇಡ. ಜ್ವರವಿಲ್ಲ, ನೆಗಡಿಯಿಲ್ಲ, ಆದರೆ ತಲೆ ಚಿಟ್ಟು ಹಿಡಿದುಹೋಗಿದೆ. ಇದನ್ನು ಫೋನಿನಲ್ಲಿ ಹೇಳುವಂತಿಲ್ಲ. ನೀನು ಫೋನ್ ಮಾಡುವುದೇ ಅಮಾವಾಸ್ಯೆಗೋ ಹುಣ್ಣಿಮೆಗೋ, ಮಾಡಿದರೂ ‘ಇಲ್ಲಿ ನೆಟ್‌ವರ್ಕ್ ಇಲ್ಲ’ ಎನ್ನುವಷ್ಟರಲ್ಲಿ ಲೈನು ಕಡಿದಿರುತ್ತದೆ. ಮೇಲಾಗಿ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಹಡಗಿನ ಮೇಲ್‌ಗೆ ಇಷ್ಟುದ್ದ ಬರೆಯುತ್ತಿದ್ದೇನೆ, ಕೂತು ಓದು.

ನಿನಗೆ ಅರ್ಧ ಗೊತ್ತಿರುವುದೇ, ಆದರೂ ಮೊದಲಿಂದ ಹೇಳದಿದ್ದರೆ ನನ್ನ ಸಿಟ್ಟಿಗೆ ತಲೆಬುಡ ಸಿಗುವುದಿಲ್ಲ. ನಾನು ಒಂಬತ್ತು ವರ್ಷದಿಂದ ಆ ಆನ್‌ಲೈನ್ ವಿಶ್ವಕೋಶದಲ್ಲಿ ಸಂಬಳವಿಲ್ಲದ ದುಡಿಮೆ ಮಾಡುತ್ತಿದ್ದೇನೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಸ್ವಂತ ಹೆಸರು ಹೇಳಬೇಕೆಂದಿಲ್ಲ. ನನ್ನದು ‘ಬಿಳಿಹಾಳೆ’. ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಸೂರಗಳ ಬಗ್ಗೆ ನಾಲ್ಕು ಸಾಲು ಬರೆಯುತ್ತ ಸುಖವಾಗಿದ್ದವಳು, ಯಾವ ಗ್ರಹಚಾರಕ್ಕೋ ರಾಜಕಾರಣಿಗಳ ಜೀವನಚರಿತ್ರೆ ಕಾಯಲು ಹೋದೆ. ಅದರಲ್ಲೂ ಆ ಮಾಜಿ ಕೈಗಾರಿಕಾ ಮಂತ್ರಿಯ ಪುಟ. ಚುನಾವಣೆ ಹತ್ತಿರ ಬಂತು, ಮುದುಕ ಮತ್ತೆ ನಿಂತಿದ್ದಾನೆ, ಅಲ್ಲಿಗೆ ನನ್ನ ನೆಮ್ಮದಿ ಮಣ್ಣುಪಾಲಾಯಿತು. ಬೆಳಿಗ್ಗೆ ಒಬ್ಬ ಬಂದು ‘ದೃಢನಿಶ್ಚಯಿ’ ಎಂದು ಸೇರಿಸುತ್ತಾನೆ, ಸಂಜೆಯೊಳಗೆ ಇನ್ನೊಬ್ಬ ಅದನ್ನು ‘ಹಠಮಾರಿ’ ಮಾಡಿರುತ್ತಾನೆ. ನಾನು ಎರಡನ್ನೂ ಅಳಿಸಬೇಕು. ಫೋಟೋಗೇ ಎರಡು ವಾರ ಜಗಳ ನಡೆಯಿತು. ಅಭಿಮಾನಿಗಳು ಹಾಕಿದ್ದು ತಲೆತುಂಬ ಕೂದಲಿದ್ದ ಕಾಲದ್ದು, ವಿರೋಧಿಗಳು ಹಾಕಿದ್ದು ಆಕಳಿಸುವಾಗ ತೆಗೆದದ್ದು. ಕೊನೆಗೆ ಬಾಯಿ ಮುಚ್ಚಿದ, ಈಗಿನ ವಯಸ್ಸಿನ, ಯಾರಿಗೂ ಇಷ್ಟವಾಗದ ಒಂದು ಫೋಟೋ ಹುಡುಕಿ ಹಾಕಿದೆ. ಹೊಗಳಬೇಡಿ, ಬಯ್ಯಬೇಡಿ, ಯಾರು ಏನು ಹೇಳಿದರು, ಅದು ಎಲ್ಲಿ ಅಚ್ಚಾಗಿದೆ, ಅಷ್ಟು ಮಾತ್ರ ಬರೆಯಿರಿ ಎಂದರೆ ಈ ಜನಕ್ಕೆ ಜೀವ ಹೋದಂತಾಗುತ್ತದೆ. ಒಂದು ಬಣಕ್ಕೆ ನಾನು ಮಂತ್ರಿಯ ಬಾಲಬಡುಕಿ, ಇನ್ನೊಂದಕ್ಕೆ ವಿರೋಧಪಕ್ಷದ ಕೂಲಿ. ಒಂದೇ ದಿನ ಎರಡೂ ಬೈಗುಳ ಬಂದರೆ ಅವತ್ತು ಕೆಲಸ ಸರಿಯಾಗಿದೆ ಎಂದುಕೊಂಡು ಅಂಗಡಿ ಬಾಗಿಲು ಹಾಕಿ ಬರುತ್ತೇನೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ವಾಕ್ಯ ನನ್ನ ಪ್ರಾಣ ತಿಂದಿದೆ. ಕಾಗದದ ಕಾರ್ಖಾನೆಯ ಬಾಯ್ಲರ್ ಸಿಡಿದ ವಿಷಯ ಆ ಪುಟದಲ್ಲಿದೆ. ಬಾಯ್ಲರಿನ ಪರಿಶೀಲನೆ ಮುಂದೂಡಲು ಮಂತ್ರಿಯ ಕಚೇರಿ ಒಪ್ಪಿಗೆ ಕೊಟ್ಟಿತ್ತು ಎಂದು ತನಿಖಾ ಆಯೋಗ ಹೇಳಿತು, ಮಂತ್ರಿ ಅದನ್ನು ನಿರಾಕರಿಸಿದರು, ನಂತರ ಮೃತರ ಕುಟುಂಬಗಳಿಗೆ ಸರ್ಕಾರಿ ಉದ್ಯೋಗ ಕೊಡಿಸಿದರು. ಇಷ್ಟೇ. ಇದನ್ನು ಬರೆದದ್ದು ನಾನಲ್ಲ, ನನಗಿಂತ ಮೊದಲೇ ಯಾರೋ ಪತ್ರಿಕೆಗಳನ್ನು ಜಾಲಾಡಿ ಬರೆದಿಟ್ಟದ್ದು. ಅದು ಮಾವ ತೀರಿಕೊಂಡ ಕಾರ್ಖಾನೆ ಎಂದು ಗೊತ್ತಿದ್ದುದರಿಂದಲೇ ನಾನು ಅಲ್ಲಿ ಒಂದು ಅಕ್ಷರ ಸೇರಿಸಲಿಲ್ಲ, ಕಾವಲು ಮಾತ್ರ ಕಾಯುತ್ತಿದ್ದೆ. ಆ ಕೊನೆಯ ಮಾತಿಗೆ ‘ಹಿತೈಷಿ’ ಎಂಬ ಒಬ್ಬರು ಬಂದು ‘ಕರುಣೆಯಿಂದ’ ಎಂದು ಸೇರಿಸುತ್ತಾರೆ. ಕರುಣೆಯಿಂದ ಉದ್ಯೋಗ ಕೊಡಿಸಿದರು. ಅದನ್ನು ‘ಕಹಿಗುಳಿಗೆ’ ಎಂಬ ಇನ್ನೊಬ್ಬ ಬಂದು ‘ಬಾಯಿ ಮುಚ್ಚಿಸಲು’ ಎಂದು ಬದಲಿಸುತ್ತಾನೆ. ನಾನು ಅಳಿಸುತ್ತೇನೆ. ಮತ್ತೆ ಕರುಣೆ, ಮತ್ತೆ ಬಾಯಿ, ಮತ್ತೆ ನಾನು. ಗಿರಾಕಿಯ ಕಣ್ಣಿನ ಮುಂದೆ ಮಸೂರ ಹಿಡಿದು ‘ಈಗ ಸ್ಪಷ್ಟವಾಗಿದೆಯಾ?’ ಎಂದು ಕೇಳುತ್ತ ಇನ್ನೊಂದು ಕೈಯಲ್ಲಿ ಫೋನ್ ಒತ್ತಿದ್ದೇನೆ. ಆ ಮನುಷ್ಯ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ಮೂರು ದಿನ ಓಡಾಡಿ, ಅಂಗಡಿಗೆ ಬಂದು ನಮ್ಮ ಮಾಲೀಕರ ಎದುರು ನನ್ನ ಮಾನ ಹರಾಜು ಹಾಕಿದ.

ಇನ್ನು ಕೇಳು. ಕಳೆದ ಸೋಮವಾರ ವಿಶ್ವಕೋಶದ ವಿಚಾರಣಾ ಸಮಿತಿಯಿಂದ ನನಗೇ ನೋಟಿಸು ಬಂತು. ಬಿಳಿಹಾಳೆ, ಹಿತೈಷಿ, ಕಹಿಗುಳಿಗೆ, ಈ ಮೂರೂ ಖಾತೆಗಳು ಒಂದೇ ಮನೆಯ ಇಂಟರ್ನೆಟ್ಟಿನಿಂದ ಬರೆದಿವೆಯಂತೆ. ಆದ್ದರಿಂದ ಮೂವರೂ ಒಬ್ಬಳೇ ಎಂದು ಅವರ ಗುಮಾನಿ. ನಾನೇ ಹೊಗಳಿ, ನಾನೇ ಬೈದು, ಆಮೇಲೆ ನಾನೇ ನ್ಯಾಯಾಧೀಶೆಯ ಹಾಗೆ ಬಂದು ಎರಡನ್ನೂ ಅಳಿಸಿ, ಎಷ್ಟು ತಟಸ್ಥಳಪ್ಪಾ ಇವಳು ಎಂದು ಹೆಸರು ಗಳಿಸುತ್ತಿದ್ದೇನಂತೆ. ಬರುವ ಶುಕ್ರವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಖಾತೆ ಶಾಶ್ವತವಾಗಿ ಬಂದ್, ಮತ್ತು ಹೆಸರಿನ ಮುಂದೆ ‘ವಂಚನೆ’ ಎಂಬ ಷರಾ. ಒಂಬತ್ತು ವರ್ಷ ನಾನು ಒಬ್ಬರಿಂದ ಒಂದು ಹೊಗಳಿಕೆ ಬಯಸಲಿಲ್ಲ ಕಣೋ. ಯಾರೂ ನನ್ನನ್ನು ಸುಳ್ಳಿ ಅನ್ನದಿದ್ದರೆ ಸಾಕಿತ್ತು. ಆ ಒಂದು ಪದ ನೋಡಿ ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ, ನಿನಗೆ ನಗು ಬಂದರೆ ಬರಲಿ.

ಆ ದಿನ ಊಟಕ್ಕೆ ಕೂತಾಗ ನೋಟಿಸನ್ನು ಅತ್ತೆಗೆ ಓದಿ ಹೇಳುತ್ತಿದ್ದೆ. ಹೊಟ್ಟೆಯ ಉರಿ ಯಾರಿಗಾದರೂ ಹೇಳಬೇಕಲ್ಲ. ಅವರು ತಟ್ಟೆಯಿಂದ ತಲೆಯೆತ್ತದೆ, ‘ಹಿತೈಷಿ ಅಂದ್ರೆ ನಾನೇ. ಆ ಉಪ್ಪು ಇತ್ತ ಕೊಡು’ ಅಂದರು. ಉಪ್ಪು ಕೈಯಲ್ಲೇ ಉಳಿಯಿತು. ಅವರಿಗೆ ಇದನ್ನು ಕಲಿಸಿದವಳು ನಾನೇ ಎಂಬುದು ಆಗ ನೆನಪಾಯಿತು. ಮಂಡಿಯ ಆಪರೇಷನ್ ಆಗಿ ಮಲಗಿದ್ದಾಗ ಹೊತ್ತು ಹೋಗಲಿ ಎಂದು ಟ್ಯಾಬ್ಲೆಟ್ ಕೊಟ್ಟು, ಉಣ್ಣೆ ಹೆಣಿಗೆಯ ಪುಟದಲ್ಲಿ ತಪ್ಪಿದ್ದರೆ ತಿದ್ದಿ ಅಂತ ತೋರಿಸಿಕೊಟ್ಟಿದ್ದೆ. ಅವರು ಹೆಣಿಗೆಯನ್ನು ಒಂದೇ ವಾರದಲ್ಲಿ ಮುಗಿಸಿ ಮಂತ್ರಿಯ ಪುಟಕ್ಕೆ ಹೋಗಿದ್ದಾರೆ. ನಾನು ಬಾಯಿ ಬಿಡುವ ಮೊದಲೇ ದೂರು ಶುರುವಾಯಿತು. ‘ಬಿಳಿಹಾಳೆ ಅಂತ ಒಬ್ಬಳಿದ್ದಾಳೆ ನೋಡು, ಹಾಳಾದವಳು, ನಾನು ಬರೆದಿದ್ದನ್ನೆಲ್ಲ ಅಳಿಸ್ತಾಳೆ. ಆಧಾರ ಕೊಡಿ ಅಂತಾಳೆ. ಅವಳ ಆಧಾರಕ್ಕಿಷ್ಟು ಬೆಂಕಿ ಹಾಕ.’ ಅದು ನಾನೇ ಅತ್ತೆ ಎಂದೆ. ಅವರು ತುತ್ತು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮನೇಲಿ ಇಷ್ಟು ಒಳ್ಳೆಯವಳಾಗಿ ಇರ್ತೀಯಲ್ಲೆ’ ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಶ್ವಕೋಶದಲ್ಲಿ ನಮ್ಮ ಮನಸ್ಸಿನಲ್ಲಿರುವುದನ್ನು ಬರೆಯುವಂತಿಲ್ಲ, ಆ ಮನುಷ್ಯನ ಎದೆಯೊಳಗೆ ಕರುಣೆಯಿತ್ತೋ ಲೆಕ್ಕಾಚಾರವಿತ್ತೋ ನಮಗೆ ಹೇಗೆ ಗೊತ್ತು ಎಂದು ತಾಳ್ಮೆಯಿಂದ ವಿವರಿಸಲು ನೋಡಿದೆ. ಅವರಿಗೆ ಸಿಟ್ಟು ಬಂತು. ಮಾವ ತೀರಿಕೊಂಡಾಗ ಮಂತ್ರಿ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, ಹುಡುಗ ಎಷ್ಟನೇ ಕ್ಲಾಸು ಎಂದಷ್ಟೇ ಕೇಳಿ ಹೋದರಂತೆ. ಆಮೇಲೆ ಅತ್ತೆಗೆ ಅಂಚೆ ಕಚೇರಿಯಲ್ಲಿ ಕೆಲಸ ಬಂತು. ‘ನಾನು ಕಣ್ಣಾರೆ ನೋಡಿದ್ದೀನಿ. ನನಗಿಂತ ಆಧಾರ ಬೇಕಾ?’ ಅಂದರು. ಇರಬಹುದು ಅತ್ತೆ, ಆದರೂ ಅದನ್ನು ಬರೆಯಲಾಗದು ಎಂದೆ. ಆಗ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ‘ಬಾಯಿ ಮುಚ್ಚಿಸೋಕೆ ಕೊಟ್ಟಿದ್ದು ಅಂತ ಅವನ್ಯಾವನೋ ಬರೀತಾನಲ್ಲ, ಹಾಗಾದ್ರೆ ನಾನು ಇಷ್ಟು ವರ್ಷ ತಿಂದಿದ್ದು ಏನು? ಗಂಡನ ಸಾವು ಮಾರಿಕೊಂಡು ಮಗನ್ನ ಓದಿಸಿದೆ ಅಂತಲಾ?’ ಇಷ್ಟು ಹೇಳಿ ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಮಾವನ ಬಗ್ಗೆ ಅವರ ಬಾಯಿಂದ ಅಷ್ಟು ಮಾತು ಬಂದದ್ದು ನಾನು ಈ ಮನೆಗೆ ಬಂದ ಮೇಲೆ ಅದೇ ಮೊದಲು. ನಿನ್ನ ಬಾಯಿಂದಂತೂ ಅಷ್ಟೂ ಬಂದಿಲ್ಲ. ನೀವು ತಾಯಿ ಮಗ ಎದುರುಬದುರು ಕೂತು ಹವಾಮಾನ, ತರಕಾರಿ, ಮಂಡಿನೋವು ಎಲ್ಲ ಮಾತಾಡುತ್ತೀರಿ, ಅದೊಂದನ್ನು ಬಿಟ್ಟು.

ಈಗ ನನ್ನ ಪರಿಸ್ಥಿತಿ ನೋಡು. ಸುಮ್ಮನಿದ್ದರೆ ವಂಚಕಿ ಎಂದಾಗುತ್ತೇನೆ. ನಿಜ ಹೇಳಿದರೆ ನಾನು ಆ ಅವಘಡದಲ್ಲಿ ತೀರಿಕೊಂಡವರ ಮನೆಯ ಸೊಸೆ ಎಂದು ಗೊತ್ತಾಗಿ, ಆ ಪುಟವನ್ನು ಇನ್ನು ನೀನು ಮುಟ್ಟಬೇಡ ಎನ್ನುತ್ತಾರೆ. ಅದಕ್ಕೆ ನಾನು ಸಿದ್ಧ, ಆ ಪುಟ ಯಾರ ಪಾಲಿಗಾದರೂ ಹೋಗಲಿ, ನನಗೆ ನನ್ನ ಮಸೂರಗಳಿವೆ. ಅತ್ತೆಯೂ ಒಪ್ಪಿದ್ದಾರೆ. ಎರಡು ದಿನ ಮುಖ ಊದಿಸಿಕೊಂಡಿದ್ದವರು ಮೂರನೇ ದಿನ ಬಂದು, ‘ನನ್ನ ಹೆಸರು ಹೇಳಿಬಿಡು, ನನಗೇನು ಭಯ’ ಅಂದರು. ಆದರೆ ಸಮಿತಿಯವರು ಕೇಳುವುದು ಮೂರು ಖಾತೆಗಳ ಲೆಕ್ಕ. ಎರಡಕ್ಕೆ ಉತ್ತರ ಕೊಟ್ಟು ಮೂರನೆಯದನ್ನು ಬಿಟ್ಟರೆ ಒಬ್ಬರೂ ನಂಬುವುದಿಲ್ಲ. ಜೊತೆಗೆ ಅಲ್ಲಿ ನಾನು ಕೊಡುವ ಸಮಜಾಯಿಷಿ ಗುಟ್ಟಾಗಿ ಉಳಿಯುವಂಥದ್ದಲ್ಲ. ಅದು ಎಲ್ಲರೂ ಓದುವ ಚರ್ಚಾಪುಟದಲ್ಲಿ ಬರುತ್ತದೆ, ಮತ್ತು ಆ ಚರ್ಚಾಪುಟವನ್ನು ಅತ್ತೆ ದಿನಪತ್ರಿಕೆಗಿಂತ ಮೊದಲು ಓದುತ್ತಾರೆ. ಇದನ್ನೆಲ್ಲ ಯೋಚಿಸಿ ಯೋಚಿಸಿ ನನಗೆ ಸಾಕೋ ಸಾಕಾಗಿದೆ.

ಇರಲಿ, ಹೊಟ್ಟೆತುಂಬ ಊಟ ಮಾಡು, ಸಿಗರೇಟು ಬಿಟ್ಟೆ ಎಂದು ಸುಳ್ಳು ಹೇಳುವುದನ್ನು ಬಿಡು. ನಿನ್ನ ಜೊತೆ ಕೋಣೆಯಲ್ಲಿರುವ ಗೊರಕೆಯ ಗೆಳೆಯನಿಗೆ ನನ್ನ ನಮಸ್ಕಾರ ಹೇಳು, ಅವರ ಕನ್ನಡಕದ ಹೊಸ ಫ್ರೇಮು ಬಂದಿದೆ, ತೆಗೆದಿಟ್ಟಿದ್ದೇನೆ. ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಬೂದು ಬಣ್ಣದ ಸ್ವೆಟರಿನ ತೋಳು ಮುಗಿಯುತ್ತ ಬಂತು ಎಂದೂ ಬರೆಯಲು ಹೇಳಿದರು.

ನಿನ್ನ,
ಕನ್ನಡಕದವಳು

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ಕಹಿಗುಳಿಗೆ ನಮ್ಮ ಮನೆಯಿಂದ ಬರೆದದ್ದು ಡಿಸೆಂಬರಿನಲ್ಲಿ ಮಾತ್ರ ಎಂದು ನೋಟಿಸಿನಲ್ಲಿದೆ. ಅದಕ್ಕೆ ಮೊದಲೂ ಆಮೇಲೂ ಯಾವುದೋ ಹಡಗಿನ ಸ್ಯಾಟಲೈಟ್ ಲೈನಿನಿಂದ. ಡಿಸೆಂಬರಿನಲ್ಲಿ ಮನೆಯಲ್ಲಿದ್ದವರು ನಾವು ಮೂವರೇ. ನಮಗೆ ಫೋನ್ ಮಾಡಲು ಸಿಗದ ನೆಟ್‌ವರ್ಕ್ ನಿನಗೆ ಇದಕ್ಕೆ ಹೇಗೆ ಸಿಗುತ್ತದೋ ನಾನು ಕೇಳುವುದಿಲ್ಲ. ನೀನು ಬಾಲ್ಕನಿಯಲ್ಲಿ ಕೂತು, ಅವರು ಹಿಂದಿನ ಕೋಣೆಯಲ್ಲಿ ಕೂತು, ಒಬ್ಬರು ಬರೆದದ್ದನ್ನು ಒಬ್ಬರು ಹೊಡೆದುಹಾಕಿ, ಆಮೇಲೆ ಒಂದೇ ಮೇಜಿಗೆ ಊಟಕ್ಕೆ ಬರುತ್ತಿದ್ದಿರಲ್ಲೋ. ನಿನ್ನ ಸಿಟ್ಟು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹನ್ನೊಂದನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡವನು ನೀನು. ಆದರೆ ಅವರಿಗೆ ಅದು ನೀನೆಂದು ಗೊತ್ತಿಲ್ಲ, ನಾನು ಹೇಳಿಲ್ಲ. ನಿನ್ನೆ ಹೆಣೆಯುತ್ತ ಕೂತವರು ತಾವಾಗಿಯೇ ಅಂದರು: ‘ಆ ಕಹಿಗುಳಿಗೆ ಇದ್ದಾನಲ್ಲ, ಅವನ್ನ ಸುಮ್ನೆ ಬೈತಿದ್ದೆ. ಅವನ ಮನೇಲೂ ಅವತ್ತು ಯಾರೋ ಹೋಗಿರಬೇಕು ಕಣೆ, ಇಲ್ಲದಿದ್ರೆ ಇಷ್ಟು ಉರಿ ಇರಲ್ಲ. ಪಾಪ, ಅವನ ಹತ್ರ ಯಾರೂ ಕೂತು ಮಾತಾಡಿಲ್ಲ ಅಂತ ಕಾಣುತ್ತೆ. ನಂಬರ್ ಸಿಕ್ಕರೆ ಕೊಡು, ನಾನೇ ಮಾತಾಡ್ತೀನಿ.’ ಗುರುವಾರದೊಳಗೆ ನೀನೇ ಫೋನ್ ಮಾಡು. ನನಗಲ್ಲ, ಅವರಿಗೆ.