ಹನ್ನೊಂದು ಪೈಪು

ಮನೆಯಿಂದ,
ಮೇ ೧೧, ಶನಿವಾರ

ಪ್ರೀತಿಯ ಚೂಟಿ,

ಹೇಗಿದ್ದೀಯೇ ತಾಯಿ? ಕೆಮ್ಮು ಕಡಿಮೆಯಾಯಿತೇ? ಕಂಪ್ಯೂಟರಿನ ಮುಂದೆ ಕೂತು ಕೂತು ಕತ್ತು ಹಿಡಿದಿದೆ ಅಂದಿದ್ದೆಯಲ್ಲ, ಅದಕ್ಕೆ ಬಿಸಿನೀರಿನ ಶಾಖ ಕೊಡಬೇಕಂತೆ, ನಿನ್ನಜ್ಜಿ ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾಳೆ. ನನಗೆ ಮಂಡಿನೋವು ಬಿಟ್ಟರೆ ಏನೂ ಇಲ್ಲ. ನಿನ್ನೆಯಿಂದ ಊಟವೂ ಸೇರುತ್ತಿದೆ. ಯಾಕೆ ಅಂತ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ಹೋದ ತಿಂಗಳು ಬಂದಾಗ ನಮ್ಮ ಊಟದ ಮೇಜಿನ ಮೇಲೆ ವಿಮಾನ ನಿಲ್ದಾಣದ ಹಳೆಯ ನಕ್ಷೆ ಹರಡಿ, ಮೂಲೆಗೊಂದು ಲೋಟ ಇಟ್ಟಿದ್ದೆಯಲ್ಲ. ರನ್‌ವೇ ಕೆಳಗೆ ಮಳೆನೀರು ಹೋಗುವ ಮೂರಡಿ ಪೈಪನ್ನು ಬೆರಳಲ್ಲಿ ಸವರುತ್ತಾ, "ತಾತಾ, ನೋಡು ನಿನ್ನ ಸಹಿ! ಹೊಸ ಟರ್ಮಿನಲ್ ನೀರನ್ನೆಲ್ಲ ಇದಕ್ಕೇ ಸೇರಿಸ್ತಿದ್ದೀನಿ. ಬೇರೆ ಮೇಸ್ತ್ರಿ ಕೆಲಸ ಆಗಿದ್ರೆ ಅಗೆಸಿ ನೋಡ್ತಿದ್ದೆ, ಇದು ನಿಂದಲ್ವಾ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನೀನು ಕಳ್ಳ ಅಂತಲೂ ಅನ್ನಲಿಲ್ಲ, ನಾನು ಮುಟ್ಟಿಕೊಂಡೆ. ನೀರು ಕುಡಿಯುವ ನೆಪದಲ್ಲಿ ಒಂದು ಲೋಟ ಎತ್ತಿದೆ, ನಕ್ಷೆ ಸುರುಳಿ ಸುತ್ತಿಕೊಂಡಿತು, ನೀನು ಬೈದೆ.

ಆ ಪೈಪು ಪೂರ್ತಿ ಮೂರಡಿಯದ್ದಲ್ಲ ಚೂಟಿ. ನಲವತ್ತೊಂದು ವರ್ಷದ ಹಿಂದೆ ಲಾರಿಯಿಂದ ಇಳಿಸುವಾಗ ಹನ್ನೊಂದು ಪೈಪು ಬಿರುಕು ಬಿಟ್ಟವು. ರನ್‌ವೇ ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಹೊಸವು ಬರಲು ತಿಂಗಳು ಬೇಕಿತ್ತು. ಬೇರೆ ಕೆಲಸಕ್ಕೆ ತಂದಿದ್ದ ಎರಡಡಿಯವು ಅಲ್ಲೇ ಬಿದ್ದಿದ್ದವು. ಅವನ್ನೇ ಹಾಕಿ, ಎರಡೂ ತುದಿಗೆ ಇಟ್ಟಿಗೆ ಕಟ್ಟಿ ಜೋಡಿಸಿ, ಮಣ್ಣು ಮುಚ್ಚಿಸಿ, ಮೂರಡಿ ಅಂತ ಸಹಿ ಹಾಕಿದೆ. ಹಳೆಯ ನಿಲ್ದಾಣಕ್ಕೆ ಅದು ಸಾಕಾಯಿತು. ನಿನ್ನ ಟರ್ಮಿನಲ್ ನೀರೂ ಬಂದರೆ ಅಲ್ಲಿ ಕಟ್ಟಿಕೊಂಡು ಹಿಂದಕ್ಕೆ ಏರುತ್ತದೆ. ಹಿಂದೆ ಗೋಡೆಯಾಚೆ ಮಕ್ಕಳ ಶಾಲೆ ಇದೆ.

ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ನೀನು "ಹೇಳು ತಾತಾ" ಅಂದ ಕೂಡಲೇ ಬಿಸಿಲು ಜಾಸ್ತಿ ಅಂತ ಹೇಳಿ ಇಟ್ಟುಬಿಟ್ಟೆ. ಬರುವ ಗುರುವಾರ ನಿನ್ನ ನಕ್ಷೆ ಒಪ್ಪಿಗೆಗೆ ಹೋಗುತ್ತದೆ ಅನ್ನುವುದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಕೊನೆಗೆ ನಿನ್ನಜ್ಜಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಾ, "ನಲವತ್ತು ವರ್ಷ ಹೊಟ್ಟೇಲಿಟ್ಕೊಂಡಿದ್ದು ಸಾಕು, ಚಪ್ಪಲಿ ಹಾಕ್ಕೊಳ್ರಿ" ಅಂದಳು.

ನಿನ್ನೆ ನಿಲ್ದಾಣಕ್ಕೆ ಹೋಗಿ ಅಲ್ಲಿನ ಎಂಜಿನಿಯರಮ್ಮನಿಗೆ ಎಲ್ಲ ಹೇಳಿದೆ. ಅಗ್ನಿಶಾಮಕ ಕಟ್ಟಡದ ಹಿಂದಿನ ಮ್ಯಾನ್‌ಹೋಲ್ ತೆಗೆಸಿ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ನನ್ನ ಕೆಲಸ ಕಾಣಿಸಿತು. ಒಂದು ಇಟ್ಟಿಗೆಯೂ ಸಡಿಲವಾಗಿಲ್ಲ ಕಣೇ! ಅಷ್ಟು ನಾಚಿಕೆಯಲ್ಲೂ ಚೂರು ಜಂಬ ಬಂತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದೆ. ಆಕೆ ಕುರ್ಚಿ ಎಳೆದು, "ಕೂತ್ಕೊಳ್ಳಿ ಮೇಸ್ತ್ರಿಗಳೇ, ಕಟ್ಟೋಕೆ ಮುಂಚೆ ಹೇಳಿದ್ರಲ್ಲ" ಅಂದರು. ಇನ್ನು ಟರ್ಮಿನಲ್ ನೀರನ್ನು ಮೊದಲು ಕೊಳವೊಂದರಲ್ಲಿ ಹಿಡಿದು ಪೈಪಿಗೆ ನಿಧಾನವಾಗಿ ಬಿಡಬೇಕಂತೆ. ಅದೂ ಎರಡು ದಿನದೊಳಗೆ ಖಾಲಿಯಾಗಬೇಕಂತೆ, ಇಲ್ಲದಿದ್ದರೆ ಹಕ್ಕಿ ಸೇರಿ ವಿಮಾನಕ್ಕೆ ಅಪಾಯ. ಅಷ್ಟು ದೊಡ್ಡ ವಿಮಾನಕ್ಕೆ ಕೊಕ್ಕರೆಯ ಭಯ ನೋಡು! ನಿನ್ನ ಮೂರು ತಿಂಗಳ ದುಡಿಮೆ ನನ್ನಿಂದ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು, ಕ್ಷಮಿಸು. ಆದರೆ ಸುಳ್ಳು ಯಾಕೆ, ನನಗೆ ಎದೆ ಹಗುರಾಗಿದೆ. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡೆ.

ಮೈ ಕೈ ಗಟ್ಟಿಯಾಗಿದ್ದು ನೂರು ಕಾಲ ಬಾಳು. ಅಜ್ಜಿಯ ಮುತ್ತು ಬೇರೆ ಇದೆ.

ನಿನ್ನ
ತಾತ

ತಾ.ಕ.: ಎದುರುಮನೆಯವರು ನಿನ್ನೂರಿಗೆ ಹೊರಟು ನಿಂತಿದ್ದಾರೆ, ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ನಾಳೆ ನಿನಗೆ ಸಿಗುತ್ತದೆ. ನೀನು ಎಂಜಿನಿಯರಿಂಗ್ ಪಾಸಾದ ದಿನ ನಾನು ನಿನ್ನ ಕೈಗೆ ಕಟ್ಟಿದ ಗಡಿಯಾರ, ಆ ಪೈಪಿನ ಕೆಲಸ ಗಡುವಿನೊಳಗೆ ಮುಗಿಸಿದ್ದಕ್ಕೆ ನನಗೆ ಕೊಟ್ಟದ್ದು. ಹೇಳದೆ ಕಟ್ಟಿಬಿಟ್ಟೆ. ಬಿಚ್ಚಿಡಬೇಕು ಅನ್ನಿಸಿದರೆ ಬಿಚ್ಚಿಡು. ಎಂಜಿನಿಯರಮ್ಮ ಸೋಮವಾರ ನಿನಗೆ ಫೋನ್ ಮಾಡುತ್ತಾರೆ. ಅದಕ್ಕೆ ಮೊದಲು, ಬೈಯುವುದಕ್ಕಾದರೂ ಸರಿ, ನನಗೊಂದು ಫೋನ್ ಮಾಡು ಮಗಳೇ. ಈ ಸಲ ಬಿಸಿಲಿನ ಮಾತು ಎತ್ತುವುದಿಲ್ಲ.