ಜೀವಂತ ಅಪತ್ಯ: ಎರಡು

ನಾಗಪುರ
೧೫ ಜನವರಿ ೨೦೨೬, ಗುರುವಾರ ಸಂಜೆ

ತೀರ್ಥರೂಪ ಅವ್ವನಿಗೆ,

ನಿನ್ನ ದಾಕ್ಷಿಯ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ ಎಂಬ ಸಾಲನ್ನು ಈ ಸಲ ಬಿಟ್ಟು ಬರೆಯುತ್ತಿದ್ದೇನೆ, ಸಿಟ್ಟಾಗಬೇಡ.

ಫೋನಿರುವಾಗ ಪತ್ರ ಯಾಕೆ ಎಂದು ಗಾಬರಿಯಾಗುತ್ತೀ, ಗೊತ್ತು. ನನ್ನ ಫೋನು ಮೂರು ವಾರದಿಂದ ನನ್ನ ಕೈಯಲ್ಲಿಲ್ಲ. ಪ್ರಚಾರ ನೋಡಿಕೊಳ್ಳುವ ಸುನೀಲ್‌ನ ಹತ್ತಿರ ಇದೆ. ನನ್ನ ಹೆಸರಿನಲ್ಲಿ ಊರಿಗೆಲ್ಲ ನಮಸ್ಕಾರ ಕಳಿಸುವವನು ಅವನೇ. ನಿನ್ನೆ ಸಂಕ್ರಾಂತಿಗೆ 'ಎಳ್ಳುಬೆಲ್ಲ ತಿನ್ನಿ, ಕುಕ್ಕರ್ ಗುರುತಿಗೆ ಮತ ಕೊಡಿ' ಎಂದು ನಿನಗೂ ಕಳಿಸಿದ್ದಾನಂತೆ, ವಿಜಯಪುರದಲ್ಲಿ ಓಟಿರುವ ನಿನಗೆ! ನಿನ್ನ ಜೊತೆ ಮಾತಾಡಬೇಕೆಂದರೆ ಅತ್ತೆಯ ಫೋನು, ಅದೂ ಸ್ಪೀಕರ್ ಹಾಕಿ. ಕಾಗದಕ್ಕೆ ಮಾತ್ರ ಈ ಮನೆಯಲ್ಲಿ ಭಯವಿಲ್ಲ. ನಿನ್ನ ಅಳಿಯ ಇಲ್ಲೇ ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಅತ್ತೆಗೆ ಅಕ್ಷರವೇ ಇಲ್ಲ. ಮಾವ ಕೂಡಿಸಿ ಕೂಡಿಸಿ ಓದಬಲ್ಲರು, ಆದರೆ ಅವರ ಕಣ್ಣಿಗೆ ಈಗ ಮತದಾರರ ಯಾದಿ ಬಿಟ್ಟು ಬೇರೇನೂ ಬೀಳುವುದಿಲ್ಲ. ನಾಳೆ ರಾತ್ರಿ ನಮ್ಮ ಓಣಿಯ ಶಂಕರಪ್ಪ ಕಾಕಾ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಇವತ್ತು ಮಹಾನಗರಪಾಲಿಕೆಯ ಮತದಾನ ಮುಗಿಯಿತು. ನಾಳೆ ಎಣಿಕೆ. ನಾನು ಸೋಲಬೇಕು, ಅವ್ವ. ನೀನು ಬೇಡಿಕೊಳ್ಳುವ ದೇವರಿಗೆಲ್ಲ ಅದನ್ನೇ ಬೇಡಿಕೋ. ಯಾಕೆಂದರೆ ನಾನು ಮತ್ತೆ ಬಸುರಿ. ಎರಡು ತಿಂಗಳು. ಗೆದ್ದರೆ ಇದನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ.

ನಿನಗೆ ಮೊದಲಿನಿಂದ ಹೇಳಬೇಕು. ಹಿಂದೆ ಫೋನಿನಲ್ಲಿ ಹೇಳಿದ್ದರಲ್ಲಿ ಒಂದು ಸುಳ್ಳಿತ್ತು.

ಮಾವ ಇತವಾರಿಯ ಅಂಗಡಿಯಲ್ಲಿ ಕುಳಿತು ಇಪ್ಪತ್ತು ವರ್ಷ ಜನರ ನಳ, ಗಟಾರ, ರೇಶನ್ ಕಾರ್ಡು ಎಂದು ಓಡಾಡಿದವರು. ಯಾವ ಪಕ್ಷವೂ ಅವರಿಗೆ ಟಿಕೆಟ್ ಕೊಡಲಿಲ್ಲ. ಈ ಸಲ ಸ್ವತಂತ್ರ ನಿಲ್ಲುವುದೇ ಎಂದು ಕೋಟು ಕೂಡ ಹೊಲಿಸಿದ್ದರು. ಮೀಸಲಾತಿಯ ಚೀಟಿ ಎತ್ತಿದಾಗ ಸೀಟು ಮಹಿಳೆಯರಿಗೆ ಹೋಯಿತು. ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ತಾವೇ ನಕ್ಕು, "ಕೋಟು ಟ್ರಂಕಿನ್ಯಾಗ ಇಡ್ರಿ, ಒಂದು ಚಲೋ ಸೀರಿ ತರ್ರಿ" ಎಂದರು. ಸೀರೆ ಯಾರಿಗೆ ಎನ್ನುವುದಷ್ಟೇ ಉಳಿದಿತ್ತು. ಅತ್ತೆ ಕೈ ಝಾಡಿಸಿದರು: "ನಂದು ಹೆಬ್ಬಟ್ಟು. ಬೀಕಾಂ ಮಾಡಿದಾಕಿ ಮನ್ಯಾಗ ಅದಾಳಲ್ಲ."

ಬಲವಂತ ಮಾಡಿ ನಿಲ್ಲಿಸಿದರು ಎಂದು ನಿನಗೆ ಹೇಳಿದ್ದೆ. ಹಾಗಲ್ಲ. ನಾನೇ ಹೂಂ ಅಂದೆ. ಯಾಕೆಂದು ಕೇಳು.

ಅರ್ಜಿ ತುಂಬುವ ದಿನ ಲಕ್ಷ್ಮೀಕಾಂತ ವಕೀಲರು ಮನೆಗೆ ಬಂದಿದ್ದರು, ಕಲಬುರ್ಗಿಯ ಕಡೆಯವರು. ನಾನು ಇನ್ನೂ ಹೂಂ ಅಂದಿರಲಿಲ್ಲ, ಚಿಕ್ಕವಳು ಖುಷಿಯನ್ನು ತೊಡೆಯ ಮೇಲೆ ತಟ್ಟುತ್ತ ಕುಳಿತಿದ್ದೆ. ಪ್ರತಿಜ್ಞಾಪತ್ರದಲ್ಲಿ ಒಂದು ಕಲಮು ಇತ್ತು, ಮರಾಠಿಯಲ್ಲಿ: 'ಹಯಾತ ಅಪತ್ಯ', ಅಂದರೆ ಜೀವಂತ ಮಕ್ಕಳೆಷ್ಟು. ಮಾವ ತಮ್ಮ ಕೈಯಾರೆ 'ನಿರಂಕ' ಎಂದು ಬರೆದರು. ಏನೂ ಇಲ್ಲ ಎಂದು. ವಕೀಲರು ಕನ್ನಡಕ ಏರಿಸಿ, ನನ್ನ ತೊಡೆಯ ಮೇಲಿದ್ದ ಖುಷಿಯನ್ನೂ ತಮ್ಮ ಶಿಕ್ಕಾದ ಶಾಯಿ ಪ್ಯಾಡಿನಲ್ಲಿ ಬೆರಳದ್ದುತ್ತಿದ್ದ ದೊಡ್ಡವಳು ತೇಜಶ್ರೀಯನ್ನೂ ನೋಡಿ, "ಮತ್ತ ಇವೆರಡು ಯಾರ ಮನೀವ್ರಿ?" ಅಂದರು. ಮಾವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಇವು ಹೆಣ್ಣ ಹುಡುಗ್ರಲ್ಲೇನ್ರಿ? ಅವರು ಕೇಳಾಕ ಹತ್ತಿದ್ದು ಮಕ್ಕಳು."

ದ್ವೇಷದಿಂದ ಅಂದದ್ದಲ್ಲ ಅವ್ವ, ರೂಢಿ. ಯಾರು ಕೇಳಿದರೂ ಅತ್ತೆ ಅನ್ನುವುದೂ ಅದೇ: "ನಮ್ಮ ಕೇದಾರಗ ಇನ್ನೂ ಮಕ್ಕಳಿಲ್ರಿ, ಎರಡು ಹೆಣ್ಣದಾವ."

ವಕೀಲರು ನಗುತ್ತ 'ನಿರಂಕ'ವನ್ನು ಹೊಡೆದುಹಾಕಿ 'ದೋನ' ಎಂದು ಬರೆದರು. "ಸರಕಾರದ ಕಣ್ಣಾಗ ಹೆಣ್ಣೂ ಒಂದು ಅಪತ್ಯನ ರೀ ಯಜಮಾನ್ರ. ನಿಮ್ಮ ಕೋಟಾ ಭರ್ತಿ. ಎರಡರ ಮ್ಯಾಲ ಒಂದು ಹುಟ್ಟಿತಂದ್ರ, ಹುಟ್ಟಿದ ದಿನಾನ ನಗರಸೇವಕಿ ಪದವಿ ಖಲಾಸ್. ಐದು ವರ್ಷ ಜ್ವಾಕಿ."

ಅತ್ತೆಯ ಮುಖ ಇಳಿಯಿತು. ನನಗೋ, ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಐದು ವರ್ಷ! ಐದು ವರ್ಷ ಯಾರೂ ಗಂಡು ಯಾವಾಗ ಎಂದು ಕೇಳುವುದಿಲ್ಲ, ತಾಯತ ತರುವುದಿಲ್ಲ, ಸೋಮವಾರದ ಉಪವಾಸ ಹೇಳುವುದಿಲ್ಲ. ನನ್ನ ಎರಡೂ ಹುಡುಗಿಯರು ಈ ಮನೆಯ ಒಂದು ಕಾಗದದಲ್ಲಿ ಎಣಿಕೆಗೆ ಬಂದರು. ಆ ಕ್ಷಣವೇ ಹೂಂ ಅಂದೆ. ಸುನೀಲ್ ಪೆನ್ಸಿಲಿನಲ್ಲಿ ಎಲ್ಲೆಲ್ಲಿ ಗುರುತು ಮಾಡಿದ್ದನೋ ಅಲ್ಲೆಲ್ಲ ಸಹಿ ಹಾಕಿದೆ. ಜಾಣತನ ಮಾಡಿದೆ ಅಂದುಕೊಂಡೆ. ಕಾನೂನನ್ನೇ ಬಾಗಿಲು ಮಾಡಿಕೊಂಡು ಅದರ ಹಿಂದೆ ಅಡಗಿ ಕುಳಿತೆ. ಆ ಬಾಗಿಲಿಗೆ ಹೊರಗಿನಿಂದಲೂ ಚಿಲಕವಿದೆ ಎಂದು ತಿಳಿಯಲಿಲ್ಲ.

ಅರ್ಜಿ ವಾಪಸು ಪಡೆಯುವ ದಿನ ದಾಟಿದ ಮೇಲೆ ಗೊತ್ತಾಯಿತು. ಖುಷಿಗೆ ಇನ್ನೂ ಹಾಲೂಡಿಸುತ್ತಿದ್ದೇನೆ, ಮುಟ್ಟು ಹಿಂದೆ ಮುಂದೆ ಆಗುತ್ತದೆ ಎಂದುಕೊಂಡಿದ್ದೆ. ಔಷಧಿ ಅಂಗಡಿಯಿಂದ ಬಸಿರು ಪರೀಕ್ಷೆಯ ಪಟ್ಟಿ ತಂದು ನೋಡಿದರೆ ಎರಡು ಗೆರೆ. ಯಾರಿಗೂ ಹೇಳಲಿಲ್ಲ. ನಿದ್ದೆ ಮೊದಲೇ ಇರಲಿಲ್ಲ. ಖುಷಿ ಮಲಗಿದಾಗ ಈಗ ನಾನೆದ್ದು ಕೂರುತ್ತೇನೆ.

ಪ್ರಚಾರವೆಂದರೆ ಮನೆಮನೆಗೆ ಅರಿಶಿನ ಕುಂಕುಮ. ನಾನು ಹೋದಲ್ಲೆಲ್ಲ ಹೆಂಗಸರು ಮಣೆ ಹಾಕಿ ಉಡಿ ತುಂಬುತ್ತಿದ್ದರು: ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. "ಮುಲಗಾ ಹೋಊ ದೇ", ಗಂಡು ಆಗಲಿ ಎಂದು ಹರಸುತ್ತಿದ್ದರು. ಪಕ್ಕದಲ್ಲಿ ನಿಂತ ಸುನೀಲ್ ಕರಪತ್ರ ಹಂಚುತ್ತ, "ಕಾಕೂ, ಅದೆಲ್ಲ ನಂತರ, ಆಧೀ ಕುಕ್ಕರ್, ಮೊದಲು ಕುಕ್ಕರ್!" ಎಂದು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ.

ಹೋದ ಭಾನುವಾರ ಒಂದು ಮನೆಯಲ್ಲಿ ಎಳ್ಳು ಹುರಿಯುತ್ತಿದ್ದರು. ವಾಸನೆಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಓಡಿದೆ, ಬಾಯಿಗೆ ಸೆರಗು ಒತ್ತಿಕೊಂಡು ಸದ್ದಾಗದಂತೆ ಕಾರಿದೆ. ತಿರುಗಿ ನೋಡಿದರೆ ಅತ್ತೆ ತಂಬಿಗೆ ನೀರು ಹಿಡಿದು ನಿಂತಿದ್ದರು. ಬಾಯಿ ಮುಕ್ಕಳಿಸಲು ನೀರು ಹಾಕಿದರು, ಹಣೆಯ ಕುಂಕುಮ ಸರಿ ಮಾಡಿದರು. ಇನ್ನೂ ಹನ್ನೊಂದು ಮನೆ ಮುಗಿಸಿದೆವು. ರಿಕ್ಷಾದಲ್ಲಿ ಕುಳಿತ ಮೇಲೆ ಮೆಲ್ಲಗೆ ಕೇಳಿದರು, "ಎಷ್ಟು ದಿನ ಆತು?"

ಹೇಳಿದೆ. ಗಂಡು ಮೊಮ್ಮಗನಿಗಾಗಿ ಮೂರು ಊರಿನ ದೇವರಿಗೆ ಬರಿಗಾಲಲ್ಲಿ ನಡೆದವರು, ಸಂತೋಷಪಟ್ಟಾರು, ಮಾವನಿಗೆ ಹೇಳಿ ಇದನ್ನೆಲ್ಲ ನಿಲ್ಲಿಸಿಯಾರು ಎಂದು ಒಂದು ಗಳಿಗೆ ಆಸೆಯಾಯಿತು. ಅವರು ನನ್ನ ಉಡಿಯಿಂದ ಜಾರಿದ ತೆಂಗಿನಕಾಯಿಯನ್ನು ಎತ್ತಿ ಮತ್ತೆ ಒಳಗಿಟ್ಟರು. ಆಮೇಲೆ, "ಸೋತ್ರ ಇಟ್ಕೋ. ಗೆದ್ರ ಬ್ಯಾಡ" ಎಂದರು. ನಾನು ಅಳತೊಡಗಿದೆ. "ಅಳಬ್ಯಾಡ, ಓಣಿ ಓಣಿ ಬೋರ್ಡಿನ್ಯಾಗ ನಿನ್ನ ಫೋಟೋ ಐತಿ, ಮಂದಿ ನೋಡ್ತಾರ" ಎಂದರು. ಇಳಿಯುವ ಮೊದಲು ಇನ್ನೊಂದು ಮಾತು: "ಗಂಡು ಆಗತೈತಿ ಅಂತ ಯಾರರೆ ಸ್ಟಾಂಪ್ ಪೇಪರಿನ ಮ್ಯಾಲ ಬರಕೊಡ್ಲಿ, ಈ ಸೀಟಿಗೆ ಇವತ್ತ ಬೆಂಕಿ ಹಚ್ಚತೀನಿ. ಯಾರು ಬರಕೊಡ್ತಾರ? ನಿಮ್ಮ ಮಾವನ ಇಪ್ಪತ್ತು ವರ್ಷ ಯಾರು ವಾಪಸ್ ಕೊಡ್ತಾರ?"

ಮಾವನಿಗೆ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ರಾಮದಾಸಪೇಠದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಸರು ಹಚ್ಚಿಸಿದ್ದಾರೆ. ಸೋತರೆ ಹೋಗುವುದು ಬೇಡವಂತೆ.

ನಿನ್ನ ಅಳಿಯನಿಗೆ ಹೇಳಿದೆ. ಹಿಂಗಣಾದ ಕಾರಖಾನೆಯಿಂದ ಆಗಷ್ಟೇ ಬಂದಿದ್ದರು, ಹೆಲ್ಮೆಟ್ಟು ಕೈಯಲ್ಲೇ ಇತ್ತು. "ಅವ್ವ ಹೇಳೂದು ಬರೋಬರ್ ಐತಿ ದಾಕ್ಷಿ. ಪಾಂಚ್ ಸಾಲ್ ಕೀ ತೋ ಬಾತ್ ಹೈ" ಎಂದರು, ಐದೇ ವರ್ಷದ ಮಾತು ಎಂದು. ಆಮೇಲೆ ಖುಷಿಯನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು, ನನಗೆ ಒಂದು ತಾಸು ಮಲಗಲು ಸಿಗಲಿ ಎಂದು. ಕೆಟ್ಟವರಲ್ಲ ಅವ್ವ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆದರೂ ನೀನು ಹೆದರಬೇಡ. ಎದುರಿಗೆ ನಿಂತ ಸೀತಾಲಕ್ಷ್ಮಿ ಟೀಚರ್ ಮೂವತ್ತು ವರ್ಷ ಇಲ್ಲೇ ಪಾಠ ಹೇಳಿದವರು. ಓಟು ಹಾಕುವ ಅರ್ಧ ಜನ ಅವರ ಕೈಯಲ್ಲಿ ಪೆಟ್ಟು ತಿಂದವರೇ. ಶಂಕರಪ್ಪ ಕಾಕಾ ಕೂಡ ಮಾವನಿಲ್ಲದಾಗ, "ಟೀಚರ್ ಭಾರೀ ಅದಾರವಾ, ನಿನ್ನ ಕುಕ್ಕರ್ ಸೀಟಿ ಹೊಡಿಯೂದು ಕಠಿಣ ಐತಿ" ಎಂದರು. ನನ್ನ ಮುಖ ನೋಡಿ ಬೇಸರವಾಯಿತೆಂದು ತಿಳಿದು ಸಮಾಧಾನ ಬೇರೆ ಮಾಡಿದರು.

ಹಾಗಾಗಿ ನಾಳೆ ಸೋಲುತ್ತೇನೆ. ಮಾವ ಎರಡು ದಿನ ಉಣ್ಣುವುದಿಲ್ಲ, ಆಮೇಲೆ ಉಣ್ಣುತ್ತಾರೆ. ನೀನು ಬರುವುದು ಬೇಡ. ನಿನ್ನ ಮೊಣಕಾಲಿಗೆ ಅಷ್ಟು ದೂರದ ಪ್ರಯಾಣ ಆಗದು. ಹೆರಿಗೆಗೆ ನಾನೇ ಬರುತ್ತೇನೆ. ಹುಟ್ಟುವುದು ಹೆಣ್ಣಾದರೂ ನೀನು ಮೊದಲಿನಂತೆಯೇ ಪೇಢೆ ಹಂಚಬೇಕು.

ನಿನ್ನ ಮಗಳು,
ದಾಕ್ಷಾಯಿಣಿ

ತಾ.ಕ.: ಶುಕ್ರವಾರ ಮಧ್ಯಾಹ್ನ. ಗೆದ್ದೆ, ಅವ್ವ. ಅರವತ್ತಮೂರು ಓಟಿನಿಂದ. ಅದರಲ್ಲಿ ನನ್ನದಿಲ್ಲ, ನಾನು ಟೀಚರಿಗೆ ಹಾಕಿದ್ದೆ. ಬಾಗಿಲಲ್ಲಿ ಢೋಲು ಬಾರಿಸುತ್ತಿದ್ದಾರೆ. ಮಾವ ಟ್ರಂಕಿನಿಂದ ಕೋಟು ತೆಗೆದು ಹಾಕಿಕೊಂಡು, ಎಲ್ಲರೆದುರು ನನ್ನ ಪಾದ ಮುಟ್ಟಲು ಬಗ್ಗಿದರು. "ನನ್ನ ಜನ್ಮ ಸಾರ್ಥಕ ಮಾಡಿದಿ ತಾಯಿ" ಎಂದು ಹುಡುಗನಂತೆ ಅತ್ತರು. ಅತ್ತೆ ಪೇಢೆ ಬಾಯಿಗಿಡುತ್ತ ಕಿವಿಯಲ್ಲಿ, "ಬುಧವಾರ ನೆಪ್ಪೈತಲ್ಲ?" ಎಂದರು. ಆಸ್ಪತ್ರೆಯಲ್ಲಿ ಒಂದು ಕಾಗದ ಕೊಡುತ್ತಾರಂತೆ. ಅದಕ್ಕೆ ಗಂಡನದು, ಅತ್ತೆಯದು ನಡೆಯುವುದಿಲ್ಲ, ನನ್ನೊಬ್ಬಳದೇ ಸಹಿ ಬೇಕಂತೆ. ಮಾಡುವುದಿಲ್ಲ ಎಂದು ಬೆಳಗಿನಿಂದ ನೂರು ಸಲ ಅಂದುಕೊಂಡಿದ್ದೇನೆ. ಬರಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಭಾನುವಾರ ಈ ಪತ್ರ ಮುಟ್ಟಿದ ಕೂಡಲೇ ಹೊರಡು, ಬುಧವಾರ ಹನ್ನೊಂದಕ್ಕೆ ನನ್ನ ಪಕ್ಕದಲ್ಲಿರು. ಒಬ್ಬಳೇ ಇದ್ದರೆ ಸಹಿ ಮಾಡಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.