ಟ್ಯಾಂಕಿನ ಮೇಲೆ ಎರಡನೇ ಕೈ

ಬಸಣ್ಣ ಮಾವನಿಗೆ, ನಿಮ್ಮ ಶೆಡ್ಡಿನ ಸುಮಾ ಬರೆಯುತ್ತಿರುವುದು.

ಮಾವ, ನೀವು ಬದುಕಿದ್ದಾಗ ನಿಮಗೊಂದು ಸುಳ್ಳು ಹೇಳಿದ್ದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎರಡು ವರ್ಷ ಕಳೆದೆ. ಹೋದ ವಾರ ಕಾಮಾಕ್ಷಿಪಾಳ್ಯದ ಒಂದು ಗುಂಡಿಯಲ್ಲಿ ಅದು ಎದ್ದು ಬಂದು ನನ್ನ ಎದುರಿಗೇ ನಿಂತಿತು. ಇನ್ನು ಮುಚ್ಚಿಡಲು ನನ್ನಿಂದಾಗದು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಡಿಪ್ಲೊಮಾ ಮುಗಿಸಿ ಮಾಗಡಿ ರೋಡಿನ ನಿಮ್ಮ ಶೆಡ್ಡಿಗೆ ಬಂದ ಮೊದಲ ದಿನ ನೆನಪಿದೆಯೇ? ಕರೆಂಟ್ ನೋಡುವ ಮೀಟರ್ ಹಿಡಿದು ಮಣ್ಣು ತೋಡುವ ಎಕ್ಸ್‌ಕವೇಟರ್ ಹತ್ತಲು ಹೊರಟವಳನ್ನು ತಡೆದಿರಿ. "ಬೋರ್ಡ್ ಆಮ್ಯಾಲ ನೋಡುವಂತಿ ತಂಗಿ, ಮೊದಲ ಮೈ ಮುಟ್ಟಿ ನೋಡು. ಜ್ವರ ಬಂದವರ ಹಣಿ ಮುಟ್ಟಂಗಿಲ್ಲೇನು?" ಎಂದು ಕೈಯ ಹಿಂಬದಿಯನ್ನು ಹೈಡ್ರಾಲಿಕ್ ಎಣ್ಣೆಯ ಟ್ಯಾಂಕಿಗೆ ಒತ್ತಿ, "ಓಂ ನಮಃ ಶಿವಾಯ" ಎಂದು ಎಣಿಸಿದಿರಿ. ನಾಲ್ಕೈದು ಸಲ ಹೇಳುವವರೆಗೆ ಕೈ ತಡೆದರೆ ಮಿಷಿನ್ ನಡೆಯಲಿ, ಒಂದೇ ಸಲಕ್ಕೆ ಹಿಂದೆ ಬಂದರೆ ಎಂಜಿನ್ ಆಫ್. ಇದೇನು ಮೆಕ್ಯಾನಿಕ್ಕೋ ಪೂಜಾರಿಯೋ ಎಂದು ಒಳಗೊಳಗೇ ನಕ್ಕಿದ್ದೆ. ಆರು ತಿಂಗಳಲ್ಲಿ ನಾನೂ ಹಾಗೇ ಎಣಿಸತೊಡಗಿದ್ದೆ.

ಆ ಬ್ಯಾಡರಹಳ್ಳಿಯ ದಿನ. ಹಳೆಯ ಮಿಷಿನ್, ಎಣ್ಣೆ ಕಾದಿದೆ ಎಂದು ಬಜರ್ ಒಂದೇ ಸಮ ಕೂಗುತ್ತಿತ್ತು. ನೀವು ಟ್ಯಾಂಕಿಗೆ ಕೈ ಒತ್ತಿ ಏಳು ಸಲ ಎಣಿಸಿದಿರಿ, ಒಂಚೂರೂ ಅವಸರವಿಲ್ಲದೆ. "ತಣ್ಣಗೈತಿ. ಸೆನ್ಸರ್‌ಗೆ ಹುಚ್ಚು ಹಿಡದೈತಿ, ಪ್ಲಗ್ ಕಿತ್ತಹಾಕು" ಅಂದಿರಿ. ನಾನೂ ಮುಟ್ಟಿದೆ. ಬೆರಳಿನ ಗೆಣ್ಣು ಚುರ್ ಎಂದಿತು. "ಹೌದಿಲ್ಲೋ?" ಎಂದು ನನ್ನ ಮುಖ ನೋಡಿದಿರಿ. ಓನರ್ ಅಲ್ಲೇ ನಿಂತಿದ್ದ, ಆಪರೇಟರ್ ನಿಂತಿದ್ದ. ಅಷ್ಟು ಜನರ ಮುಂದೆ ನಿಮ್ಮ ಮಾತನ್ನು ನಾನು ಹೇಗೆ... "ಹೌದು ಮಾವ" ಅಂದೆ. ಪ್ಲಗ್ ಕಿತ್ತಿದ್ದೂ ನಾನೇ. ಮೂರನೇ ದಿನ ಪಂಪು ಸುಟ್ಟು ಮಿಷಿನ್ ನಿಂತಲ್ಲೇ ನಿಂತಿತು.

ಬಸಣ್ಣನ ಕೈ ಹೋಯಿತು ಎಂದು ಆ ಓನರ್ ಮಾಗಡಿ ರೋಡಿನ ಉದ್ದಕ್ಕೂ ಹೇಳಿಕೊಂಡು ತಿರುಗಿದ. ಸಕ್ಕರೆ ಕಾಯಿಲೆ ನಿಮ್ಮ ಕೈಕಾಲಿನ ಸ್ಪರ್ಶವನ್ನೇ ತಿಂದುಹಾಕಿದೆ ಎಂದು ಡಾಕ್ಟರು ಹೇಳಿದ್ದು ಅದಾಗಿ ತಿಂಗಳ ಮೇಲೆ. ನಿಮಗದು ಗೊತ್ತಿರಲಿಲ್ಲ, ಸರಿ. ನನ್ನ ಕೈಗೆ ಗೊತ್ತಿತ್ತಲ್ಲ? ಆಮೇಲೆ ನೀವು ಒಂದು ಮಿಷಿನ್ನನ್ನೂ ಮುಟ್ಟಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಸ್ಸು ನೋಡುತ್ತಾ ಕೂತಿರುತ್ತಿದ್ದಿರಿ. ಒಮ್ಮೆ ಕೇಳಿದಿರಿ, "ಇಬ್ಬರಿಗೂ ಹೆಂಗ ತಪ್ಪಿತು ತಂಗಿ?" ನಾನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದೆ. ನೀವು ಮತ್ತೆ ಕೇಳಲಿಲ್ಲ.

ಹೋದ ವಾರದ್ದು ಹೇಳುತ್ತೇನೆ. ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್ ಒಂದರ ಹಿಂದೆ, ಕಟ್ಟಡಕ್ಕೆಂದು ತೋಡಿದ ಗುಂಡಿ. ಪಕ್ಕದ ಹಳೆಯ ಮನೆಯ ಪಾಯದಡಿಯ ಮಣ್ಣು ಜಾರತೊಡಗಿತ್ತು. ಗೋಡೆಯಲ್ಲಿ ಬಿರುಕು. ಮಿಷಿನ್ ಮಣ್ಣನ್ನು ವಾಪಸು ತುಂಬಿ ಒತ್ತಬೇಕು, ಇನ್ನೂ ಎರಡು ಗಂಟೆಯ ಕೆಲಸ. ನೆತ್ತಿಯ ಮೇಲೆ ಮಳೆಮೋಡ. ಡಿಸ್‌ಪ್ಲೇನಲ್ಲಿ ಎಣ್ಣೆ ನೂರಾನಾಲ್ಕು ಡಿಗ್ರಿ ಎಂದು ಕೆಂಪು ದೀಪ, ಅದಕ್ಕೇ ನನ್ನನ್ನು ಕರೆಸಿದ್ದರು. "ಮನೆ ಖಾಲಿ ಮಾಡಿ ಅಂತಾರಲ್ಲಮ್ಮಾ, ನಮ್ಮೆಜಮಾನ್ರು ಹಾಸಿಗೆ ಬಿಟ್ಟು ಏಳಲ್ಲ. ಎತ್ಕೊಂಡ್ ಹೋಗೋಕೆ ಜನ ಬರೋವರ್ಗಾದ್ರೂ ಗೋಡೆ ನಿಲ್ಲತ್ತಾ?" ಎಂದು ಆ ಮನೆಯ ಆಂಟಿ ಮೇಲಿನಿಂದ ನನ್ನನ್ನೇ ಕೇಳಿದರು.

ಟ್ಯಾಂಕಿಗೆ ಕೈ ಒತ್ತಿದೆ. ನಾಲ್ಕು ಸಲ ಎಣಿಸಿದರೂ ಕೈ ತಡೆಯಿತು. ಜೀವ ಹಗುರಾಯಿತು, ಮಾವ. ಸೆನ್ಸರಿನ ತಂತಿ ಎಲ್ಲೋ ಉಜ್ಜಿಹೋಗಿ ತಪ್ಪು ತೋರಿಸುತ್ತಿದೆ, ಇನ್ನೇನು. "ಎಣ್ಣೆ ಸರಿಯಿದೆ, ಕೆಲಸ ಶುರು ಮಾಡಪ್ಪ" ಅಂದೆ. ಆಪರೇಟರ್ ಹನುಮಂತ, ಕೊಪ್ಪಳದ ಕಡೆಯವನು, ಲಿವರ್ ಮುಟ್ಟಲಿಲ್ಲ. ಕತ್ತು ಬಗ್ಗಿಸಿಕೊಂಡು ಹೇಳಿದ, "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಂಗ ಹಂಗ ಅನಸವಲ್ತು. ಮಿಷಿನ್ ತೋಳು ಭಾಳ ಸಾವಕಾಶ ಏಳಾಕತ್ತೈತ್ರಿ, ಎಣ್ಣಿ ಕಾದಾಗ ಹಿಂಗ ಆಗೋದ್ರಿ."

ನನಗೆ ರೇಗಿತು. ಹತ್ತು ವರ್ಷ ಟ್ಯಾಂಕು ಮುಟ್ಟಿದವಳಿಗೆ ಇವನು ಪಾಠ ಹೇಳುತ್ತಾನಲ್ಲ. ಬಾಯಿ ತೆರೆದೆ. ಆದರೆ ಅವನ ಮುಖದಲ್ಲಿದ್ದ ಹೆದರಿಕೆ ನನಗೆ ಗೊತ್ತಿದ್ದದ್ದೇ. ಬ್ಯಾಡರಹಳ್ಳಿಯಲ್ಲಿ ನನ್ನ ಮುಖವೂ ಹೀಗೇ ಇದ್ದಿರಬೇಕು. ಅವತ್ತು ನಾನು ಮಾತು ನುಂಗಿದ್ದೆ, ಈ ಪುಣ್ಯಾತ್ಮ ನುಂಗಲಿಲ್ಲ.

"ಇಳಿದು ಬಾ. ನೀನೇ ಮುಟ್ಟಿ ಹೇಳು" ಅಂದೆ. ಅವನು ಮುಟ್ಟಲಿಲ್ಲ, ತಲೆ ಕೆರೆದುಕೊಂಡ. "ನೀವು ಬರೋತನಕ ಹಸಿ ಗೋಣಿಚೀಲ ಹೊಚ್ಚಿದ್ನಿರಿ, ಮ್ಯಾಲ ನೀರೂ ಹಾಕೀನಿ. ಬೈತೀರಂತ ಈಗಷ್ಟ ತಗದ ಒರಸೇನ್ರಿ." ನೋಡಿದಿರಾ ಮಾವ? ತಣ್ಣಗಿದ್ದದ್ದು ಟ್ಯಾಂಕಿನ ಮೈ, ಒಳಗಿನ ಎಣ್ಣೆಯಲ್ಲ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಅದು ಸುಳ್ಳಾಗಲಿ ಎಂದು ಆಸೆಪಟ್ಟಿದ್ದು ನಾನು. ಇನ್ನರ್ಧ ಗಂಟೆ ಓಡಿಸಿದ್ದರೆ ಪಂಪು ಸುಟ್ಟು, ಮಿಷಿನ್ ಗುಂಡಿಯಲ್ಲೇ ಕೂತು, ಮೇಲೆ ಆ ಮನೆ...

ಆಮೇಲೆ ನೀವು ಹೇಳಿಕೊಟ್ಟಂತೆ ಎಣ್ಣೆ ತಣಿಸುವ ಕೂಲರ್‌ನ ಎರಡು ಪೈಪು ಮುಟ್ಟಿದೆವು. ಒಳಗೆ ಹೋಗುವುದು ಸುಡಬೇಕು, ಹೊರಗೆ ಬರುವುದು ಅದಕ್ಕಿಂತ ತಣ್ಣಗಿರಬೇಕು. ಎರಡೂ ಒಂದೇ ಸಮ ಸುಟ್ಟವು. ಎಂಜಿನ್ ಆಫ್ ಮಾಡಿಸಿ ಜಾಲರಿ ಬಿಚ್ಚಿದರೆ, ಗಾರ್ಮೆಂಟ್ಸಿನಿಂದ ಹಾರಿಬಂದ ನೂಲಿನ ಧೂಳು, ಸಿಮೆಂಟು, ಎಣ್ಣೆಜಿಡ್ಡು ಸೇರಿ ಕೂಲರ್‌ಗೆ ಕಂಬಳಿ ಹೊದಿಸಿದ ಹಾಗಿತ್ತು. ಗಾಳಿ ಆಡಲು ಜಾಗವೇ ಇಲ್ಲ. ಬೆರಳಲ್ಲಿ, ಬ್ರಷ್ಷಿನಲ್ಲಿ, ಕಂಪ್ರೆಸರ್ ಗಾಳಿಯಲ್ಲಿ ಇಬ್ಬರೂ ಕಿತ್ತೆವು. ಮೊದಲ ಹನಿ ಕತ್ತಿನ ಮೇಲೆ ಬಿತ್ತು. ಆಂಟಿ ಮೇಲೆ ಏನೋ ಪ್ರಾರ್ಥಿಸುತ್ತಿದ್ದರು. ಮತ್ತೆ ಎಂಜಿನ್ ಹಾಕಿದಾಗ ತೊಂಬತ್ತೆಂಟು, ತೊಂಬತ್ತೊಂದು, ಎಂಬತ್ತಮೂರು. ಹನುಮಂತ ಸುರಿಯುವ ಮಳೆಯಲ್ಲೇ ಮಣ್ಣು ಒತ್ತಿ ಮುಗಿಸಿದ. ಅಷ್ಟರಲ್ಲಿ ಹುಡುಗರು ಬಂದು ಯಜಮಾನರನ್ನು ಮಂಚದ ಸಮೇತ ಎತ್ತಿಕೊಂಡು ಹೋದರು. ಬಿರುಕು ಹಾಗೇ ಇದೆ, ಗೋಡೆ ನಿಂತಿದೆ.

ಮಾರನೇ ದಿನ ಬ್ಯಾಡರಹಳ್ಳಿಯ ಆ ಓನರ್ ಹತ್ತಿರ ಹೋದೆ. ಟ್ಯಾಂಕು ಸುಡುತ್ತಿದ್ದದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಪ್ಲಗ್ ಕಿತ್ತೆ, ತಪ್ಪು ನನ್ನದು ಎಂದೆ. "ಹೋದೋರ ವಿಷ್ಯ ಈಗ್ಯಾಕಮ್ಮಾ?" ಎಂದ. ನೀನು ಎಲ್ಲೆಲ್ಲಿ ಅವರ ಹೆಸರು ಕೆಡಿಸಿದ್ದೀಯೋ ಅಲ್ಲೆಲ್ಲ ಇದನ್ನೂ ಹೇಳು ಎಂದು ಬಂದೆ. ಹೇಳುತ್ತಾನೋ ಇಲ್ಲವೋ, ನಾನಂತೂ ಹೇಳುತ್ತಿದ್ದೇನೆ. ಇನ್ನೊಂದು ಮಾತು. ಇನ್ನು ನಮ್ಮ ಶೆಡ್ಡಿನಲ್ಲಿ ಟ್ಯಾಂಕು ಮುಟ್ಟುವವರು ಇಬ್ಬರು. ಮೊದಲು ಬಾಯಿಬಿಡುವುದು ಚಿಕ್ಕವರು, ದೊಡ್ಡವರು ಆಮೇಲೆ. ನಾನಿರುವವರೆಗೆ ಇದು ತಪ್ಪುವುದಿಲ್ಲ.

ನಿನ್ನೆ ನಿಮ್ಮ ಮನೆಗೆ ಹೋಗಿ ಅತ್ತೆಗೂ ಹೇಳಿದೆ. ಅಳುತ್ತಾರೆ, ಇಲ್ಲವೇ ಮನೆಯಿಂದ ಆಚೆ ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದವರು ಅದನ್ನು ಪಕ್ಕಕ್ಕಿಟ್ಟು, ನನ್ನ ಕೈ ಹಿಡಿದು, ಗೆಣ್ಣುಗಳನ್ನು ಒಂದೊಂದಾಗಿ ನೋಡಿದರು.

"ಅವತ್ತ ಓಂ ನಮಃ ಶಿವಾಯ ಎಷ್ಟ ಸಲ ಅನ್ನಾಕಾತವ್ವಾ?"

"ಒಂದೂ ಪೂರ್ತಿ ಆಗ್ಲಿಲ್ಲ, ಅತ್ತೆ."

"ಇಬ್ಬರಿಗೂ ಹೆಂಗ ತಪ್ಪಿತು ಅಂತ ಅವರು ನನ್ನ ಕೇಳ್ಕೋತನ ಹೋದ್ರು ನೋಡು" ಎಂದು ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಕೂತರು.

ನಿಮ್ಮ ಕೈಗೆ ತಪ್ಪಿತ್ತು ಮಾವ. ನನ್ನ ಕೈಗೆ ತಪ್ಪಿರಲಿಲ್ಲ.

ಸುಮಾ